ಕೊಲೊನೋಸ್ಕೋಪಿಗೆ ಹೋಗುವ ಮುನ್ನ: ಹೊಟ್ಟೆ-ಕರುಳಿನ ಪರೀಕ್ಷೆಗಳಿಗೆ ಹಂತ ಹಂತದ ತಯಾರಿ

‘ಹೊಟ್ಟೆ ಸ್ಕ್ಯಾನ್ ನಾರ್ಮಲ್ ಬಂದಿದೆ, ಆದರೂ ಕೊಲೊನೋಸ್ಕೋಪಿ ಬರೆದುಕೊಟ್ಟಿದ್ದಾರಲ್ಲ, ಯಾಕೆ?’ ‘ಆ ಎರಡು ಲೀಟರ್ ಔಷಧದ ನೀರನ್ನು ಪೂರ್ತಿ ಕುಡಿಯಲೇಬೇಕಾ?’ ‘ಬಿಪಿ ಮಾತ್ರೆ ತಗೊಂಡು ಹೋಗಬೇಕೋ, ಬಿಟ್ಟು ಹೋಗಬೇಕೋ?’ ಓದುಗರಿಂದ ಮತ್ತೆ ಮತ್ತೆ ಬರುವ ಪ್ರಶ್ನೆಗಳು ಇವು. ಆಸ್ಪತ್ರೆಯಲ್ಲಿ ಒಂದು ಚೀಟಿ ಕೈಗಿಟ್ಟು ‘ಇದರಲ್ಲಿ ಬರೆದಿದೆ, ಹಾಗೇ ಮಾಡಿ’ ಅನ್ನುತ್ತಾರೆ. ಚೀಟಿ ಬಹಳ ಸಲ ಇಂಗ್ಲಿಷಿನಲ್ಲಿರುತ್ತದೆ. ಅದರಲ್ಲಿ ಊಟದ ಹೆಸರು ಬಂದರೆ ಅದು ನಮ್ಮ ಅಡುಗೆಮನೆಯದ್ದಾಗಿರುವುದಿಲ್ಲ.

ಮೊದಲೇ ಒಂದು ಮಾತು ಸ್ಪಷ್ಟವಾಗಿರಲಿ. ಕೊಲೊನೋಸ್ಕೋಪಿಯ, ಅಂದರೆ ಕ್ಯಾಮೆರಾದಿಂದ ದೊಡ್ಡ ಕರುಳಿನ ಒಳಗನ್ನು ನೋಡುವ ಪರೀಕ್ಷೆಯ, ಅರ್ಧ ಭಾಗ ನಡೆಯುವುದು ನಿಮ್ಮ ಮನೆಯಲ್ಲಿ, ಹಿಂದಿನ ಎರಡು ಮೂರು ದಿನಗಳಲ್ಲಿ. ಕರುಳು ಸ್ವಚ್ಛವಾಗಿಲ್ಲದಿದ್ದರೆ ಎಷ್ಟೇ ನುರಿತ ವೈದ್ಯರಾದರೂ ಅವರಿಗೆ ಕಾಣುವುದು ಮಲವೇ ಹೊರತು ಕರುಳಿನ ಗೋಡೆಯಲ್ಲ. ಆಗ ಪರೀಕ್ಷೆಯನ್ನು ಅರ್ಧಕ್ಕೆ ನಿಲ್ಲಿಸಿ ಇನ್ನೊಂದು ದಿನಕ್ಕೆ ಕರೆಯುತ್ತಾರೆ. ಅದಕ್ಕಿಂತ ಕೆಟ್ಟದ್ದೆಂದರೆ, ಚಿಕ್ಕ ಗಂಟೊಂದು ಕಣ್ಣುತಪ್ಪಿ ‘ನಾರ್ಮಲ್’ ಎಂಬ ವರದಿ ಕೈಗೆ ಬರಬಹುದು.

ಹಂತ 1: ಯಾವ ಪರೀಕ್ಷೆ ಏನನ್ನು ನೋಡುತ್ತದೆ, ತಿಳಿದುಕೊಳ್ಳಿ

ಅಲ್ಟ್ರಾಸೌಂಡ್, ಅಂದರೆ ನಾವು ಸಾಮಾನ್ಯವಾಗಿ ‘ಹೊಟ್ಟೆ ಸ್ಕ್ಯಾನಿಂಗ್’ ಎನ್ನುವುದು, ಶಬ್ದತರಂಗಗಳಿಂದ ಮಾಡುವ ಪರೀಕ್ಷೆ. ಯಕೃತ್ತು, ಪಿತ್ತಕೋಶ, ಮೂತ್ರಪಿಂಡ, ಗರ್ಭಕೋಶ ಇವೆಲ್ಲ ಅದರಲ್ಲಿ ಚೆನ್ನಾಗಿ ಕಾಣುತ್ತವೆ. ಕರುಳಿನೊಳಗೆ ಗಾಳಿ ಇರುತ್ತದೆ, ಗಾಳಿಯನ್ನು ದಾಟಿ ಶಬ್ದತರಂಗ ಹೋಗುವುದಿಲ್ಲ. ಹಾಗಾಗಿ ಕರುಳಿನ ಒಳಪದರದ ಮೇಲಿನ ಹುಣ್ಣು, ಸಣ್ಣ ಗಂಟು, ರಕ್ತ ಒಸರುವ ಜಾಗ ಇವು ಅದಕ್ಕೆ ಸಿಗುವುದಿಲ್ಲ. ಸ್ಕ್ಯಾನ್ ನಾರ್ಮಲ್ ಬಂದಮೇಲೂ ಕೊಲೊನೋಸ್ಕೋಪಿ ಬರೆಯುವುದಕ್ಕೆ ಕಾರಣ ಇದೇ. ಒಂದು ಇನ್ನೊಂದರ ಬದಲಿಯಲ್ಲ.

ಸಿಟಿ ಸ್ಕ್ಯಾನ್ ಎಕ್ಸ್‌ರೇ ಕಿರಣಗಳಿಂದ ಹೊಟ್ಟೆಯನ್ನು ಹೋಳು ಹೋಳಾಗಿ ತೋರಿಸುತ್ತದೆ. ಕರುಳಿನ ಗೋಡೆ ದಪ್ಪಗಾಗಿದೆಯೇ, ಸುತ್ತಲಿನ ಗ್ರಂಥಿಗಳು ಊದಿವೆಯೇ ಎಂಬುದು ಅದರಲ್ಲಿ ತಿಳಿಯುತ್ತದೆ. ಎಂಡೋಸ್ಕೋಪಿ ಎಂದರೆ ಬಾಯಿಯಿಂದ ಕ್ಯಾಮೆರಾ ಇಳಿಸಿ ಅನ್ನನಾಳ, ಜಠರ, ಸಣ್ಣ ಕರುಳಿನ ಮೊದಲ ಭಾಗ ನೋಡುವುದು. ಕೊಲೊನೋಸ್ಕೋಪಿಯಲ್ಲಿ ಗುದದ್ವಾರದಿಂದ ಹೋಗಿ ಸುಮಾರು ಒಂದೂವರೆ ಮೀಟರ್ ಉದ್ದದ ದೊಡ್ಡ ಕರುಳನ್ನು ಪೂರ್ತಿ ನೋಡಿ, ಸಾಧ್ಯವಾದರೆ ಸಣ್ಣ ಕರುಳಿನ ಕೊನೆಯ ತುದಿಯನ್ನೂ ಇಣುಕುತ್ತಾರೆ. ಕ್ಯಾಮೆರಾ ಇರುವ ಕೊಳವೆ ನಮ್ಮ ಕಿರುಬೆರಳಿನಷ್ಟು ದಪ್ಪ. ಈ ಪರೀಕ್ಷೆಯಲ್ಲಿ ನೋಡುವುದರ ಜೊತೆಗೆ ತುಣುಕು ತೆಗೆಯಬಹುದು, ಗಂಟನ್ನು ಅಲ್ಲೇ ಕತ್ತರಿಸಲೂಬಹುದು.

ಒಂದಕ್ಕಿಂತ ಹೆಚ್ಚು ಪರೀಕ್ಷೆ ಬರೆದಿದ್ದರೆ ಯಾವುದು ಮೊದಲು ಎಂದು ಕೇಳಿ. ಅಲ್ಟ್ರಾಸೌಂಡನ್ನು ಎಂಡೋಸ್ಕೋಪಿಗೆ ಮೊದಲೇ ಮಾಡಿಸುವುದು ಒಳ್ಳೆಯದು, ಏಕೆಂದರೆ ಎಂಡೋಸ್ಕೋಪಿಯಲ್ಲಿ ಊದಿದ ಗಾಳಿ ಆಮೇಲೆ ಸ್ಕ್ಯಾನಿಗೆ ಅಡ್ಡಬರುತ್ತದೆ. ಬೇರಿಯಂ ಎಂಬ ಸುಣ್ಣದಂಥ ಬಿಳಿ ದ್ರವ ಕುಡಿಸಿ ಎಕ್ಸ್‌ರೇ ತೆಗೆಯುವ ಪರೀಕ್ಷೆ ಇದ್ದರೆ ಅದು ಕೊನೆಗಿರಲಿ. ಬೇರಿಯಂ ಕರುಳಿನಲ್ಲಿ ಕೆಲವು ದಿನ ಉಳಿಯುತ್ತದೆ, ಸಿಟಿ ಸ್ಕ್ಯಾನನ್ನೂ ಕೊಲೊನೋಸ್ಕೋಪಿಯನ್ನೂ ಕೆಡಿಸುತ್ತದೆ. ದೂರದ ಊರಿನಿಂದ ಬಂದವರು ‘ಎಲ್ಲಾ ಒಂದೇ ದಿನ ಮುಗಿಸಿಬಿಡಿ’ ಎಂದು ಕೌಂಟರಿನಲ್ಲಿ ಕೇಳುವುದು ಸಹಜ. ಆದರೆ ಕ್ರಮವನ್ನು ವೈದ್ಯರಿಂದಲೇ ಚೀಟಿಯ ಮೇಲೆ 1, 2, 3 ಎಂದು ಬರೆಸಿಕೊಳ್ಳಿ.

ಹಂತ 2: ಮಲಪರೀಕ್ಷೆಯನ್ನು ಮೊದಲು ಸರಿಯಾಗಿ ಮುಗಿಸಿ

ನಾಚಿಕೆಯಿಂದ ಹೆಚ್ಚು ಜನ ಕೆಡಿಸಿಕೊಳ್ಳುವ ಪರೀಕ್ಷೆ ಇದು. ಕಮೋಡಿನ ನೀರಿನಿಂದ ಎತ್ತಿದ ಮಾದರಿ ಪ್ರಯೋಜನಕ್ಕೆ ಬರುವುದಿಲ್ಲ, ಮೂತ್ರ ಸೇರಿದ್ದೂ ಬರುವುದಿಲ್ಲ. ಮೊದಲು ಮೂತ್ರ ಮಾಡಿ ಮುಗಿಸಿ. ಆಮೇಲೆ ಅಗಲ ಬಾಯಿಯ ಒಣ ಡಬ್ಬಿಯನ್ನೋ ಹಳೆಯ ನ್ಯೂಸ್‌ಪೇಪರನ್ನೋ ಇಟ್ಟು ಅದರ ಮೇಲೆ ಮಲ ಬೀಳುವಂತೆ ಮಾಡಿ, ಡಬ್ಬಿಯ ಮುಚ್ಚಳದಲ್ಲೇ ಇರುವ ಚಮಚದಿಂದ ಶೇಂಗಾ ಕಾಳಿನಷ್ಟು ತೆಗೆಯಿರಿ. ರಕ್ತ ಅಥವಾ ಲೋಳೆ ಕಂಡರೆ ಆ ಭಾಗದಿಂದಲೇ ತೆಗೆಯಬೇಕು. ‘ಚೆನ್ನಾಗಿರುವ’ ಭಾಗ ಹುಡುಕಬೇಡಿ.

ಅಮೀಬಾ ಇದೆಯೇ ಎಂದು ನೋಡುವುದಾದರೆ ಹೊತ್ತು ಮುಖ್ಯ. ನೀರಾದ ಮಲದಲ್ಲಿ ಚಲಿಸುವ ಅಮೀಬಾ ಅರ್ಧ ಗಂಟೆಯ ನಂತರ ಸಾಯತೊಡಗುತ್ತದೆ, ಲ್ಯಾಬಿಗೆ ಬರುವಷ್ಟರಲ್ಲಿ ಕಾಣಸಿಗುವುದಿಲ್ಲ. ಅಂಥ ಮಾದರಿಯನ್ನು ಲ್ಯಾಬಿನ ಶೌಚಾಲಯದಲ್ಲೇ ಕೊಡುವುದು ಮೇಲು. ಮೂರು ಬೇರೆ ಬೇರೆ ದಿನ ಕೊಡಿ ಎಂದಿದ್ದರೆ ಅದಕ್ಕೂ ಕಾರಣವಿದೆ. ಪರಾವಲಂಬಿಗಳ ಮೊಟ್ಟೆ ದಿನಾಲೂ ಹೊರಬರುವುದಿಲ್ಲ.

‘ಆಕಲ್ಟ್ ಬ್ಲಡ್’ ಎಂದರೆ ಕಣ್ಣಿಗೆ ಕಾಣದಷ್ಟು ರಕ್ತ. ಹಳೆಯ ಬಗೆಯ ಪರೀಕ್ಷೆಗೆ ಮೂರು ದಿನ ಮೊದಲಿನಿಂದ ಕುರಿ, ದನದಂಥ ಕೆಂಪು ಮಾಂಸವನ್ನೂ ವಿಟಮಿನ್ ಸಿ ಮಾತ್ರೆಯನ್ನೂ ಬಿಡಬೇಕು. ಫಿಟ್ ಎಂಬ ಹೊಸ ಬಗೆಯದು ಮನುಷ್ಯರ ರಕ್ತವನ್ನಷ್ಟೇ ಗುರುತಿಸುವುದರಿಂದ ಅದಕ್ಕೆ ಪಥ್ಯ ಬೇಡ. ‘ಕ್ಯಾಲ್‌ಪ್ರೊಟೆಕ್ಟಿನ್’ ಎಂದು ಬರೆದಿದ್ದರೆ ಅದು ಕರುಳಿನ ಉರಿಯೂತದ ಅಳತೆ. ಒಂದು ಗ್ರಾಂ ಮಲಕ್ಕೆ 50 ಮೈಕ್ರೋಗ್ರಾಂಗಿಂತ ಕಡಿಮೆ ಇದ್ದರೆ ಸಾಮಾನ್ಯವಾಗಿ ಉರಿಯೂತ ಇಲ್ಲವೆಂದು ಅರ್ಥ. ಡೈಕ್ಲೊಫೆನಾಕ್, ಐಬುಪ್ರೊಫೇನ್‌ನಂಥ ನೋವಿನ ಮಾತ್ರೆ ನುಂಗುತ್ತಿದ್ದರೆ ಈ ಅಂಕಿ ಸುಮ್ಮನೆ ಏರುತ್ತದೆ. ಮೊಣಕಾಲು ನೋವಿಗೆ ದಿನಾ ಮಾತ್ರೆ ತೆಗೆದುಕೊಳ್ಳುವವರು ಇದನ್ನು ಹೇಳಲೇಬೇಕು.

ಹಂತ 3: ಸ್ಕ್ಯಾನಿನ ದಿನ

ಅಲ್ಟ್ರಾಸೌಂಡಿಗೆ 6ರಿಂದ 8 ಗಂಟೆ ಏನೂ ತಿಂದಿರಬಾರದು. ಇಲ್ಲಿ ನಮ್ಮವರು ಎಡವುವುದು ಕಾಫಿಯಲ್ಲಿ. ‘ಬರೀ ಒಂದ್ ಲೋಟ ಕಾಫಿ ಅಷ್ಟೇ’ ಅಂದರೂ ಹಾಲಿನ ಕೊಬ್ಬು ಹೊಟ್ಟೆಗೆ ಹೋದೊಡನೆ ಪಿತ್ತಕೋಶ ಮುದುಡಿಕೊಂಡು ಪಿತ್ತವನ್ನು ಹೊರಗೆ ಬಿಡುತ್ತದೆ. ಮುದುಡಿದ ಪಿತ್ತಕೋಶದಲ್ಲಿ ಕಲ್ಲು ಇದೆಯೇ ಇಲ್ಲವೇ ಹೇಳುವುದು ಕಷ್ಟ. ಎಲೆ ಅಡಿಕೆ, ಬೀಡಿ-ಸಿಗರೇಟ್, ಚ್ಯೂಯಿಂಗ್ ಗಮ್ ಕೂಡ ಬೇಡ, ಅವುಗಳ ಜೊತೆಗೆ ಗಾಳಿಯೂ ನುಂಗಿಹೋಗುತ್ತದೆ. ಕಿಬ್ಬೊಟ್ಟೆಯನ್ನೂ ನೋಡುವುದಿದ್ದರೆ ಒಂದು ಗಂಟೆ ಮೊದಲು 4–5 ಲೋಟ ನೀರು ಕುಡಿದು ಮೂತ್ರ ತಡೆದಿರಬೇಕು. ತುಂಬಿದ ಮೂತ್ರಕೋಶ ಕರುಳನ್ನು ಪಕ್ಕಕ್ಕೆ ಸರಿಸಿ ಗರ್ಭಕೋಶ, ಪ್ರಾಸ್ಟೇಟ್ ಕಾಣುವಂತೆ ಮಾಡುತ್ತದೆ. ಸರದಿ ತಡವಾಗಿ ತಡೆಯಲಾಗದಿದ್ದರೆ ಸಿಬ್ಬಂದಿಗೆ ಹೇಳಿ, ಸುಮ್ಮನೆ ಹೋಗಿ ಖಾಲಿ ಮಾಡಿ ಬಂದು ಮೇಜಿನ ಮೇಲೆ ಮಲಗಬೇಡಿ.

ಸಿಟಿ ಸ್ಕ್ಯಾನಿಗೆ ‘ಕಾಂಟ್ರಾಸ್ಟ್’ ಎಂದು ಬರೆದಿದ್ದರೆ ಕೈಯ ರಕ್ತನಾಳಕ್ಕೆ ಅಯೋಡಿನ್ ಇರುವ ಔಷಧ ಕೊಡುತ್ತಾರೆ. ಅದಕ್ಕೆ ಮೊದಲು ರಕ್ತದ ಕ್ರಿಯಾಟಿನಿನ್ ವರದಿ ಕೇಳುವುದು ನಿಮ್ಮ ಮೂತ್ರಪಿಂಡ ಆ ಔಷಧವನ್ನು ಹೊರಹಾಕಬಲ್ಲದೇ ಎಂದು ತಿಳಿಯಲು. ಔಷಧ ಹೋಗುವಾಗ ಮೈಯೆಲ್ಲ ಬಿಸಿಯೇರಿದಂತೆ, ಬಾಯಲ್ಲಿ ಕಬ್ಬಿಣದ ರುಚಿ ಬಂದಂತೆ, ಬಟ್ಟೆಯಲ್ಲೇ ಮೂತ್ರವಾದಂತೆ ಅನಿಸುತ್ತದೆ. ಮೂತ್ರವಾಗಿರುವುದಿಲ್ಲ, ಅರ್ಧ ನಿಮಿಷದಲ್ಲಿ ಇಳಿಯುತ್ತದೆ, ಅಲುಗಾಡಬೇಡಿ. ತುರಿಕೆ, ಗಂಟಲು ಬಿಗಿತ, ಉಸಿರಾಟಕ್ಕೆ ಕಷ್ಟ ಆದರೆ ಮಾತ್ರ ತಕ್ಷಣ ಕೂಗಿ ಹೇಳಿ. ಹಿಂದೆ ಇದೇ ಔಷಧ ಒಗ್ಗದೆ ಹೋಗಿದ್ದರೆ, ಗರ್ಭಿಣಿಯಾಗಿರುವ ಸಾಧ್ಯತೆ ಇದ್ದರೆ, ಮಧುಮೇಹಕ್ಕೆ ಮೆಟ್‌ಫಾರ್ಮಿನ್ ನುಂಗುತ್ತಿದ್ದರೆ ಮೊದಲೇ ತಿಳಿಸಿ. ಕರುಳನ್ನೇ ವಿಶೇಷವಾಗಿ ನೋಡುವ ಸಿಟಿಗೆ ಒಂದರಿಂದ ಒಂದೂವರೆ ಲೀಟರ್ ದ್ರವವನ್ನು 45–60 ನಿಮಿಷದಲ್ಲಿ ಕುಡಿಸುತ್ತಾರೆ. ಆ ದಿನ ನಾಲ್ಕಾರು ಸಲ ನೀರಾಗಿ ಭೇದಿಯಾಗುತ್ತದೆ, ಅದಕ್ಕೆ ಹೆದರಬೇಕಿಲ್ಲ.

ಹಂತ 4: ಕೊಲೊನೋಸ್ಕೋಪಿಗೆ ಒಂದು ವಾರ ಮೊದಲು, ಮಾತ್ರೆಗಳ ಪಟ್ಟಿ

ಮನೆಯಲ್ಲಿರುವ ಎಲ್ಲ ಮಾತ್ರೆಗಳ ಶೀಟುಗಳನ್ನು ಮೇಜಿನ ಮೇಲಿಟ್ಟು ಫೋಟೊ ತೆಗೆದು ವೈದ್ಯರಿಗೆ ತೋರಿಸಿ. ‘ಬಿಪಿದು, ಬಿಳಿ ಮಾತ್ರೆ’ ಎಂದರೆ ಯಾರಿಗೂ ತಿಳಿಯುವುದಿಲ್ಲ.

ಕಬ್ಬಿಣದ ಮಾತ್ರೆ, ಟಾನಿಕ್ಕುಗಳನ್ನು 5–7 ದಿನ ಮೊದಲೇ ನಿಲ್ಲಿಸಬೇಕು. ಕಬ್ಬಿಣದಿಂದ ಮಲ ಕಪ್ಪಾಗಿ ಜಿಗುಟಾಗುತ್ತದೆ, ಎಷ್ಟು ತೊಳೆದರೂ ಗೋಡೆಗೆ ಅಂಟಿಕೊಂಡಿರುತ್ತದೆ. ರಕ್ತಹೀನತೆಗೆ ಕಾರಣ ಹುಡುಕಲು ಕೊಲೊನೋಸ್ಕೋಪಿಗೆ ಬರುವವರೇ ಬಹಳ. ಅವರೇ ಕಬ್ಬಿಣದ ಮಾತ್ರೆ ನುಂಗುತ್ತಿರುವವರೂ ಹೌದು, ಆದ್ದರಿಂದ ಇದು ಆಗಾಗ ಆಗುವ ತಪ್ಪು.

ರಕ್ತ ತೆಳುಮಾಡುವ ಮಾತ್ರೆಗಳ ವಿಷಯದಲ್ಲಿ ಸ್ವಂತ ನಿರ್ಧಾರ ಬೇಡವೇ ಬೇಡ. ಆಸ್ಪಿರಿನ್ ಅನ್ನು ಸಾಮಾನ್ಯವಾಗಿ ಮುಂದುವರಿಸುತ್ತಾರೆ. ಕ್ಲೋಪಿಡೋಗ್ರೆಲ್, ವಾರ್ಫರಿನ್, ಅಪಿಕ್ಸಾಬಾನ್, ರಿವರೋಕ್ಸಾಬಾನ್ ಇವನ್ನು ಗಂಟು ತೆಗೆಯುವ ಸಾಧ್ಯತೆ ಇದ್ದಾಗ ಕೆಲವು ದಿನ ನಿಲ್ಲಿಸಬೇಕಾಗಬಹುದು. ಎಷ್ಟು ದಿನ ಎಂಬುದನ್ನು ಆ ಮಾತ್ರೆ ಬರೆದ ಹೃದಯ ಅಥವಾ ನರ ವೈದ್ಯರು ಹೇಳಬೇಕು. ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡವರು ಯಾರೋ ಹೇಳಿದರೆಂದು ಮಾತ್ರೆ ಬಿಟ್ಟರೆ ಸ್ಟೆಂಟ್ ಮುಚ್ಚಿಕೊಂಡು ಪ್ರಾಣಕ್ಕೇ ಬರಬಹುದು.

ಸಕ್ಕರೆ ಕಾಯಿಲೆಯವರು ನಾಲ್ಕು ಬಗೆಯ ಔಷಧಗಳನ್ನು ಬೇರೆ ಬೇರೆಯಾಗಿ ನೋಡಬೇಕು. ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್‌ನಂಥ ಮಾತ್ರೆಗಳನ್ನು ಸಾಮಾನ್ಯವಾಗಿ 3 ದಿನ ಮೊದಲೇ ನಿಲ್ಲಿಸಲು ಹೇಳುತ್ತಾರೆ. ಉಪವಾಸದಲ್ಲಿ ಅವು ರಕ್ತದಲ್ಲಿ ಆಮ್ಲ ಏರಿಸುತ್ತವೆ, ಸಕ್ಕರೆ ಅಂಕಿ ಹೆಚ್ಚಿಲ್ಲದಿದ್ದರೂ ಇದು ಆಗಬಹುದು. ಇನ್ಸುಲಿನ್ ಪ್ರಮಾಣ ತಗ್ಗಿಸಬೇಕಾಗುತ್ತದೆ, ಎಷ್ಟೆಂದು ಯೂನಿಟ್ ಲೆಕ್ಕದಲ್ಲಿ ಬರೆಸಿಕೊಳ್ಳಿ. ಉಳಿದ ಮಾತ್ರೆಗಳನ್ನು ಉಪವಾಸದ ಹೊತ್ತಿನಲ್ಲಿ ಬಿಡುವುದು ರೂಢಿ. ತೂಕ ಇಳಿಸಲು ಅಥವಾ ಸಕ್ಕರೆಗೆ ವಾರಕ್ಕೊಮ್ಮೆ ಇಂಜೆಕ್ಷನ್ ತೆಗೆದುಕೊಳ್ಳುವವರು ಅದನ್ನು ಅರಿವಳಿಕೆ ವೈದ್ಯರಿಗೆ ತಪ್ಪದೆ ಹೇಳಿ, ಅದರಿಂದ ಜಠರ ನಿಧಾನವಾಗಿ ಖಾಲಿಯಾಗುತ್ತದೆ. ಥೈರಾಯ್ಡ್, ಮೂರ್ಛೆರೋಗ, ಹೃದಯದ ಮಾತ್ರೆಗಳನ್ನು ಪರೀಕ್ಷೆಯ ಬೆಳಿಗ್ಗೆ ಒಂದು ಗುಟುಕು ನೀರಿನಲ್ಲಿ ನುಂಗಬಹುದು. ಬಿಪಿ ಮಾತ್ರೆಯೂ ಬಹುಪಾಲು ಹಾಗೆಯೇ, ಆದರೆ ಮೂತ್ರ ಹೆಚ್ಚಿಸುವ ಮಾತ್ರೆ ಸೇರಿದ್ದರೆ ಕೇಳಿಕೊಳ್ಳಿ. ಯಾವ ಮಾತ್ರೆಯನ್ನೂ ಭೇದಿಯ ಔಷಧ ಕುಡಿಯುವ ಹೊತ್ತಿನಲ್ಲೇ ನುಂಗಬೇಡಿ, ಅದು ಮೈಗೆ ಹತ್ತದೆ ಕೊಚ್ಚಿಕೊಂಡು ಹೋಗುತ್ತದೆ.

ಹಂತ 5: ಮೂರು ದಿನ ಮೊದಲು, ಊಟ

ನಾರು, ಬೀಜ, ಸಿಪ್ಪೆ ಇವು ಮೂರು ಬೇಡ. ಬೇರೆ ದಿನಗಳಲ್ಲಿ ಯಾವುದನ್ನು ಆರೋಗ್ಯಕ್ಕೆ ಒಳ್ಳೆಯದು ಎನ್ನುತ್ತೇವೋ ಅದೆಲ್ಲ ಈ ಮೂರು ದಿನ ಬಿಡಬೇಕು: ರಾಗಿ ಮುದ್ದೆ, ಜೋಳದ ರೊಟ್ಟಿ, ಗೋಧಿ ಚಪಾತಿ, ಸಿರಿಧಾನ್ಯ, ಬಸ್ಸಾರು, ಮಸ್ಸೊಪ್ಪು, ಮೊಳಕೆ ಕಾಳು, ಅವರೆಕಾಳು, ಕೋಸಂಬರಿ, ಹಸಿ ತರಕಾರಿ, ಬದನೆ, ಬೆಂಡೆ, ಟೊಮೆಟೊ, ಸೀಬೆ, ಕಲ್ಲಂಗಡಿ, ದಾಳಿಂಬೆ, ಅಂಜೂರ. ತೆಂಗಿನ ತುರಿ, ಶೇಂಗಾ ಚಟ್ನಿಪುಡಿ, ಗುರೆಳ್ಳು ಚಟ್ನಿ, ಎಳ್ಳು ಕೂಡ ಬೇಡ.

ಜನ ಮರೆಯುವುದು ಒಗ್ಗರಣೆಯನ್ನು. ಮೊಸರನ್ನ ತಿನ್ನಬಹುದು ಎಂದರೆ ಸಾಸಿವೆ, ಕರಿಬೇವು, ದಾಳಿಂಬೆ ಹಾಕಿದ ಮೊಸರನ್ನ ತಿಂದು ಬರುತ್ತಾರೆ. ಸಾಸಿವೆ ಕಾಳು ಜೀರ್ಣವಾಗುವುದಿಲ್ಲ, ಕೊಳವೆಯ ಹೀರುವ ರಂಧ್ರಕ್ಕೆ ಸಿಕ್ಕಿಕೊಳ್ಳುತ್ತದೆ. ಅದು ಕಟ್ಟಿಕೊಂಡರೆ ವೈದ್ಯರಿಗೆ ಒಳಗಿನ ನೀರನ್ನು ಹೀರಿ ತೆಗೆಯಲು ಆಗದೆ ನೋಟವೇ ನಿಲ್ಲುತ್ತದೆ. ಟೊಮೆಟೊ ಸಿಪ್ಪೆ, ಕರಿಬೇವಿನ ಎಲೆ ಗೋಡೆಗೆ ಅಂಟಿ ಕೂರುತ್ತವೆ.

ಏನು ತಿನ್ನಬಹುದು? ಪಾಲಿಶ್ ಮಾಡಿದ ಬಿಳಿ ಅಕ್ಕಿಯ ಅನ್ನ, ಒಗ್ಗರಣೆ ಇಲ್ಲದ ಮಜ್ಜಿಗೆ, ಮೊಸರು, ತಿಳಿಸಾರನ್ನು ಸೋಸಿ, ಚಟ್ನಿ ಇಲ್ಲದೆ ಇಡ್ಲಿ, ಸಾದಾ ದೋಸೆ, ಅಕ್ಕಿ ಗಂಜಿ, ನೀರು ದೋಸೆ, ರವೆ ಗಂಜಿ, ಬಿಳಿ ಬ್ರೆಡ್, ಸಿಪ್ಪೆ ತೆಗೆದು ಬೇಯಿಸಿ ಮಸೆದ ಆಲೂಗಡ್ಡೆ, ಮೊಟ್ಟೆ, ಮಸಾಲೆ ಕಡಿಮೆ ಇರುವ ಮೀನು ಅಥವಾ ಕೋಳಿ. ಮಲಬದ್ಧತೆ ಇರುವವರು, ಮಧುಮೇಹ ಹಳೆಯದಾದವರು ಮೂರು ದಿನವನ್ನೂ ಕಟ್ಟುನಿಟ್ಟಾಗಿ ಪಾಲಿಸಬೇಕು. ಉಳಿದವರಿಗೆ ಕೆಲವು ವೈದ್ಯರು ಒಂದೇ ದಿನದ ಪಥ್ಯ ಸಾಕೆನ್ನುತ್ತಾರೆ. ನಾಲ್ಕೈದು ದಿನಕ್ಕೊಮ್ಮೆ ಮಲ ಹೋಗುವವರು ಅದನ್ನು ಮೊದಲೇ ಹೇಳಿದರೆ ಔಷಧದ ಪ್ರಮಾಣವನ್ನೇ ಹೆಚ್ಚಿಸಿ ಕೊಡುತ್ತಾರೆ.

ಹಿಂದಿನ ದಿನ ಮಧ್ಯಾಹ್ನದ ಲಘು ಊಟದ ನಂತರ, ಅಥವಾ ನಿಮ್ಮ ಚೀಟಿಯಲ್ಲಿ ಹೇಳಿದ ಹೊತ್ತಿನಿಂದ, ತಿಳಿ ದ್ರವ ಮಾತ್ರ. ಲೋಟದ ಆಚೆಗೆ ಹಿಡಿದ ಬೆರಳು ಕಂಡರೆ ಅದು ತಿಳಿ ದ್ರವ. ನೀರು, ಗಂಜಿ ಇಲ್ಲದ ಎಳನೀರು, ಸೋಸಿದ ನಿಂಬೆ ಪಾನಕ, ಸೋಸಿದ ಸೇಬಿನ ರಸ, ಹಾಲಿಲ್ಲದ ಚಹಾ-ಕಾಫಿ, ಓಆರ್‌ಎಸ್, ಸೋಸಿದ ತಿಳಿಸಾರು ಆಗಬಹುದು. ಹಾಲು, ಮಜ್ಜಿಗೆ, ರಾಗಿ ಅಂಬಲಿ ಆಗದು. ಬೀಟ್‌ರೂಟ್, ಕೋಕಂ, ದ್ರಾಕ್ಷಿ, ಗುಲಾಬಿ ಶರಬತ್ತಿನಂಥ ಕೆಂಪು-ನೇರಳೆ ಬಣ್ಣದ್ದು ಯಾವುದೂ ಬೇಡ, ಒಳಗೆ ಅದು ರಕ್ತದಂತೆ ಕಾಣುತ್ತದೆ.

ಹಂತ 6: ಔಷಧ ಕುಡಿಯುವುದು

ಹೆಚ್ಚಿನ ಕಡೆ ಕೊಡುವುದು ಪಾಲಿಎಥಿಲೀನ್ ಗ್ಲೈಕಾಲ್ ಪುಡಿ, ಚಿಕ್ಕದಾಗಿ ಪೆಗ್. ಅದು ರಕ್ತಕ್ಕೆ ಸೇರುವುದಿಲ್ಲ. ಕುಡಿದ ನೀರನ್ನು ಹಿಡಿದಿಟ್ಟುಕೊಂಡು ಕರುಳಿನುದ್ದಕ್ಕೂ ಹರಿದು ಎಲ್ಲವನ್ನೂ ತಳ್ಳಿಕೊಂಡು ಹೋಗುತ್ತದೆ. ಅದರ ಜೊತೆ ಲವಣಗಳನ್ನು ಲೆಕ್ಕಹಾಕಿ ಸೇರಿಸಿರುವುದರಿಂದ ದೇಹದ ಉಪ್ಪಿನಂಶ ಏರುಪೇರಾಗುವುದಿಲ್ಲ. ಇದೆಲ್ಲ ಹೇಳಿದಷ್ಟೇ ನೀರಿನಲ್ಲಿ ಕಲಸಿದಾಗ ಮಾತ್ರ. 2 ಲೀಟರಿಗೆ ಇರುವ ಪೊಟ್ಟಣವನ್ನು ‘ಅಷ್ಟು ಕುಡಿಯಕ್ಕಾಗಲ್ಲ’ ಎಂದು 1 ಲೀಟರಿನಲ್ಲಿ ಕಲಸಿದರೆ ಅದು ಮೈಯ ನೀರನ್ನೇ ಎಳೆದುಕೊಳ್ಳುತ್ತದೆ, ತಲೆಸುತ್ತು ಬರುತ್ತದೆ. ಅಳತೆಗೆ ಒಂದು ಲೀಟರಿನ ನೀರಿನ ಬಾಟಲಿಯನ್ನೇ ಬಳಸಿ, ಚೊಂಬಿನ ಅಂದಾಜು ಬೇಡ. ಸಕ್ಕರೆ, ಹಾಲು, ಸೋಡಾ ಬೆರೆಸಬೇಡಿ.

ಕೆಲವು ಕಡೆ 45 ಮಿಲಿಲೀಟರಿನ ಚಿಕ್ಕ ಬಾಟಲಿಯ ಸೋಡಿಯಂ ಫಾಸ್ಫೇಟ್ ಕೊಡುತ್ತಾರೆ. ಕುಡಿಯುವುದು ಸುಲಭ, ಆದರೆ ವಯಸ್ಸಾದವರಿಗೆ, ಮೂತ್ರಪಿಂಡದ ತೊಂದರೆ ಇರುವವರಿಗೆ, ಕೆಲವು ಬಗೆಯ ಬಿಪಿ ಮಾತ್ರೆ ಅಥವಾ ನೋವಿನ ಮಾತ್ರೆ ನುಂಗುವವರಿಗೆ ಅದು ಮೂತ್ರಪಿಂಡಕ್ಕೆ ಹಾನಿ ಮಾಡಬಹುದು. ನೀವು ಈ ಗುಂಪಿನವರಾಗಿದ್ದರೆ ‘ನನಗೆ ಪೆಗ್ ಕೊಡಿ’ ಎಂದು ಕೇಳುವುದರಲ್ಲಿ ಸಂಕೋಚ ಬೇಡ.

ಈಗಿನ ಒಳ್ಳೆಯ ಪದ್ಧತಿ ಎರಡು ಕಂತಿನದು. ಬೆಳಿಗ್ಗೆ 10ಕ್ಕೆ ಪರೀಕ್ಷೆ ಎಂದಾದರೆ ಹಿಂದಿನ ಸಂಜೆ 6ಕ್ಕೆ ಮೊದಲ ಕಂತು, ಬೆಳಗಿನ ಜಾವ 4–5ಕ್ಕೆ ಎರಡನೆಯದು. ಏನೇ ಕುಡಿಯುವುದಿದ್ದರೂ ಪರೀಕ್ಷೆಗೆ ಕನಿಷ್ಠ 2 ಗಂಟೆ ಮೊದಲು ನಿಲ್ಲಬೇಕು. ಬೆಳಗಿನ ಜಾವ ಎದ್ದು ಕುಡಿಯುವುದೇ ಎಲ್ಲರಿಗೂ ಬೇಸರದ ಭಾಗ, ಬಿಟ್ಟುಬಿಡುವುದೂ ಅದನ್ನೇ. ‘ರಾತ್ರಿಯೇ ಎಲ್ಲ ಖಾಲಿಯಾಗಿದೆ, ನೀರೇ ಬರುತ್ತಿತ್ತು’ ಎನ್ನುತ್ತಾರೆ. ನಿಜ, ಆದರೆ ರಾತ್ರಿಯಿಡೀ ಸಣ್ಣ ಕರುಳಿನಿಂದ ಪಿತ್ತ ಮತ್ತು ಲೋಳೆ ಇಳಿದು ದೊಡ್ಡ ಕರುಳಿನ ಬಲಭಾಗಕ್ಕೆ ಹಳದಿ ಗೋಂದಿನಂತೆ ಬಳಿದುಕೊಂಡಿರುತ್ತದೆ. ಚಪ್ಪಟೆಯಾದ, ಸುಲಭಕ್ಕೆ ಕಾಣದ ಗಂಟುಗಳು ಹೆಚ್ಚಾಗಿ ಇರುವುದು ಆ ಬಲಭಾಗದಲ್ಲೇ. ಎರಡನೇ ಕಂತು ಇರುವುದು ಅದನ್ನು ತೊಳೆಯಲು.

ಕುಡಿಯುವ ವೇಗ: 10–15 ನಿಮಿಷಕ್ಕೆ ಒಂದು ಲೋಟ, ಅಂದರೆ 200–250 ಮಿಲಿಲೀಟರ್. ಗುಟುಕು ಗುಟುಕಾಗಿ ರಾತ್ರಿಯೆಲ್ಲ ಕುಡಿದರೆ ತಳ್ಳುವ ಬಲವೇ ಬರುವುದಿಲ್ಲ. ಉಪ್ಪು-ಸಿಹಿ ಬೆರೆತ ವಿಚಿತ್ರ ರುಚಿ ಅದು. ಫ್ರಿಜ್ಜಿನಲ್ಲಿಟ್ಟು ತಣ್ಣಗೆ ಮಾಡಿದರೆ, ಸ್ಟ್ರಾ ಹಾಕಿ ನಾಲಗೆಯ ಹಿಂಭಾಗಕ್ಕೆ ಎಳೆದುಕೊಂಡರೆ, ನಡುವೆ ನಿಂಬೆ ಹೋಳನ್ನು ಮೂಸಿದರೆ ಸಹನೀಯವಾಗುತ್ತದೆ. ವಯಸ್ಸಾದವರಿಗೆ ಎರಡು ಲೀಟರ್ ತಣ್ಣೀರು ಕುಡಿದು ನಡುಕ ಬರಬಹುದು, ಅವರಿಗೆ ಸಾಧಾರಣ ನೀರೇ ಸರಿ. ಓಕರಿಕೆ ಬಂದರೆ 20–30 ನಿಮಿಷ ನಿಲ್ಲಿಸಿ, ಕೋಣೆಯಲ್ಲಿ ಓಡಾಡಿ, ಮತ್ತೆ ಶುರುಮಾಡಿ.

ಕುಡಿಯಲು ಶುರುಮಾಡಿದ ಸುಮಾರು ಒಂದು ಗಂಟೆಗೆ ಮೊದಲ ಭೇದಿ. ಮೊದಲು ಗಟ್ಟಿ, ಆಮೇಲೆ ಸಾರಿನಂಥ ಕಂದು ನೀರು, ಆಮೇಲೆ ಮಸುಕು ಹಳದಿ. ಕೊನೆಗೆ ಮೂತ್ರದಂತೆ ತಿಳಿ ಹಳದಿಯಾಗಿ, ಕಮೋಡಿನ ತಳ ಕಾಣುವಂತಾದರೆ ತಯಾರಿ ಮುಗಿಯಿತು. ಫ್ಲಶ್ ಮಾಡುವ ಮೊದಲು ನೋಡಿ. ಎರಡನೇ ಕಂತಿನ ನಂತರವೂ ಕಂದು ಬಣ್ಣ, ಚೂರುಗಳು ಬರುತ್ತಿದ್ದರೆ ಆಸ್ಪತ್ರೆಗೆ ಹೋದೊಡನೆ ಹೇಳಿಬಿಡಿ. ಅಲ್ಲಿ ಇನ್ನಷ್ಟು ಔಷಧ ಕೊಟ್ಟೋ ಎನಿಮಾ ಕೊಟ್ಟೋ ಸರಿಮಾಡುವ ದಾರಿ ಇದೆ. ಹೇಳದೆ ಮೇಜಿನ ಮೇಲೆ ಮಲಗಿದರೆ ದಾರಿ ಇಲ್ಲ.

ಹತ್ತು ಹದಿನೈದು ಸಲ ಹೋಗಿ ಬಂದಮೇಲೆ ಚರ್ಮ ಉರಿಯುತ್ತದೆ. ಮೊದಲ ಲೋಟಕ್ಕೂ ಮುಂಚೆಯೇ ಕೊಬ್ಬರಿ ಎಣ್ಣೆ ಅಥವಾ ವ್ಯಾಸಲೀನ್ ಹಚ್ಚಿಕೊಳ್ಳಿ, ಉಗುರುಬೆಚ್ಚಗಿನ ನೀರಿನಲ್ಲಿ ತೊಳೆದು ಮೆತ್ತನೆ ಹತ್ತಿಬಟ್ಟೆಯಿಂದ ಒತ್ತಿ ಒರೆಸಿ, ಉಜ್ಜಬೇಡಿ.

ಹಿರಿಯರಿದ್ದರೆ ಮನೆಯವರು ಇಷ್ಟು ಮಾಡಿ: ಬಚ್ಚಲಿನ ದೀಪ ರಾತ್ರಿಯಿಡೀ ಉರಿಯಲಿ, ನೆಲ ಒಣಗಿರಲಿ, ಚಿಲಕ ಒಳಗಿನಿಂದ ಹಾಕದಿರಲಿ. ಈ ರಾತ್ರಿ ಆಗುವ ನಿಜವಾದ ಅಪಾಯವೆಂದರೆ ಕತ್ತಲಲ್ಲಿ ತಲೆಸುತ್ತಿ ಬೀಳುವುದು. ಸಕ್ಕರೆ ಕಾಯಿಲೆಯವರು ಮೀಟರ್ ಪಕ್ಕದಲ್ಲಿಟ್ಟುಕೊಂಡು ಆಗಾಗ ನೋಡಲಿ. 70ಕ್ಕಿಂತ ಕೆಳಗಿಳಿದರೆ ಸಕ್ಕರೆ ನೀರು ಅಥವಾ ಗ್ಲೂಕೋಸ್ ನೀರು ಕುಡಿಯಲೇಬೇಕು, ‘ಉಪವಾಸ ಮುರಿಯುತ್ತದೆ’ ಎಂದು ಕಾಯಬಾರದು. ಕುಡಿದದ್ದನ್ನೆಲ್ಲ ವಾಂತಿ ಮಾಡುತ್ತಿದ್ದರೆ, ಹೊಟ್ಟೆ ಕಲ್ಲಿನಂತೆ ಉಬ್ಬಿ ಭೇದಿಯೇ ಆಗದಿದ್ದರೆ, ನೋವು ಏರುತ್ತಲೇ ಇದ್ದರೆ ಕುಡಿಯುವುದನ್ನು ನಿಲ್ಲಿಸಿ ನೇರ ಆಸ್ಪತ್ರೆಗೆ ಹೋಗಿ. ಕರುಳು ಎಲ್ಲೋ ಕಟ್ಟಿಕೊಂಡಿರಬಹುದು.

ಹಂತ 7: ದೂರದ ಊರಿನವರು

ಜಿಲ್ಲೆಗಳಿಂದ ಬೆಂಗಳೂರು, ಹುಬ್ಬಳ್ಳಿ, ಮಣಿಪಾಲಕ್ಕೆ ಬರುವವರು ಔಷಧ ಕುಡಿದು ರಾತ್ರಿ ಬಸ್ಸು ಹತ್ತುವ ಯೋಚನೆ ಮಾಡಲೇಬಾರದು. ಹಿಂದಿನ ದಿನ ಮಧ್ಯಾಹ್ನವೇ ತಲುಪಿ ಆಸ್ಪತ್ರೆಗೆ ನಡೆದುಹೋಗುವಷ್ಟು ಹತ್ತಿರದ ಲಾಡ್ಜಿನಲ್ಲಿ ಸ್ವಂತ ಶೌಚಾಲಯ ಇರುವ ಕೋಣೆ ಹಿಡಿಯಿರಿ. ಮೊಣಕಾಲು ನೋವಿರುವವರಿಗೆ ಕಮೋಡ್ ಇದೆಯೇ, ರಾತ್ರಿ ನೀರು ಬರುತ್ತದೆಯೇ ಎಂದು ಕೇಳಿಯೇ ದುಡ್ಡು ಕೊಡಿ. ಒಂದೇ ದಿನದ ಪ್ರಯಾಣ ಅನಿವಾರ್ಯವಾದರೆ ಮಧ್ಯಾಹ್ನದ ಸಮಯ ಕೇಳಿ. ಕೆಲವು ಆಸ್ಪತ್ರೆಗಳಲ್ಲಿ ಬೆಳಿಗ್ಗೆ ದಾಖಲಾಗಿ ಅಲ್ಲೇ ಔಷಧ ಕುಡಿಯಲು ಹಾಸಿಗೆ ಕೊಡುತ್ತಾರೆ.

ಜೊತೆಗೆ ವಯಸ್ಕರೊಬ್ಬರು ಇರಲೇಬೇಕು. ಹಳೆಯ ವರದಿ, ಸ್ಕ್ಯಾನ್ ಫಿಲ್ಮುಗಳು, ಮಾತ್ರೆ ಪಟ್ಟಿ, ಆಧಾರ್, ಬಿಪಿಎಲ್ ಕಾರ್ಡ್ ಇದ್ದರೆ ಅದೂ, ಒಂದು ಜೊತೆ ಹೆಚ್ಚಿನ ಬಟ್ಟೆ ಚೀಲದಲ್ಲಿರಲಿ. ಆಭರಣ ಮನೆಯಲ್ಲೇ ಬಿಡಿ. ಉಗುರುಬಣ್ಣ ತೆಗೆಯಿರಿ, ಬೆರಳಿಗೆ ಹಾಕುವ ಆಮ್ಲಜನಕದ ಕ್ಲಿಪ್ಪಿಗೆ ಅದು ಅಡ್ಡಿ. ಮುಟ್ಟಾಗಿದ್ದರೆ ಪರೀಕ್ಷೆ ಮುಂದೂಡಬೇಕಿಲ್ಲ, ನರ್ಸಿಗೆ ತಿಳಿಸಿದರೆ ಸಾಕು.

ಹಂತ 8: ಪರೀಕ್ಷೆಯ ಕೋಣೆಯಲ್ಲಿ

ಹಿಂಭಾಗ ತೆರೆದ ಗೌನ್ ಕೊಡುತ್ತಾರೆ. ಕೈಗೆ ಸೂಜಿ ಹಾಕಿ, ಎಡಮಗ್ಗುಲಿಗೆ ಮಲಗಿಸಿ ಮೊಣಕಾಲನ್ನು ಎದೆಯತ್ತ ಮಡಿಸಲು ಹೇಳುತ್ತಾರೆ. ಮೇಲೆ ಹೊದಿಕೆ ಇರುತ್ತದೆ. ಬೇಕಿದ್ದರೆ ಮಹಿಳಾ ಸಿಬ್ಬಂದಿ ಜೊತೆಗಿರಲಿ ಎಂದು ಕೇಳುವುದು ನಿಮ್ಮ ಹಕ್ಕು.

‘ನೋವಾಗುತ್ತಾ?’ ಎಂಬುದಕ್ಕೆ ಉತ್ತರ ನೀವು ಆರಿಸಿಕೊಂಡ ಅರಿವಳಿಕೆಯ ಮೇಲೆ ನಿಂತಿದೆ. ಮಿಡಾಜೋಲಮ್‌ನಂಥ ಮಂಪರಿನ ಔಷಧ ಕೊಟ್ಟರೆ ಅರೆನಿದ್ದೆ. ಪ್ರೊಪೊಫಾಲ್ ಕೊಟ್ಟರೆ ಪೂರ್ತಿ ನಿದ್ದೆ, ಎದ್ದಾಗ ಮುಗಿದಿರುತ್ತದೆ. ಅದಕ್ಕೆ ಅರಿವಳಿಕೆ ವೈದ್ಯರ ಶುಲ್ಕ ಬೇರೆ ಇರಬಹುದು, ಮೊದಲೇ ವಿಚಾರಿಸಿ. ಔಷಧವಿಲ್ಲದೆಯೂ ಮಾಡಿಸಿಕೊಳ್ಳುವವರಿದ್ದಾರೆ. ಆಗ ಗಾಳಿ ತುಂಬಿ ಹೊಟ್ಟೆ ಬಿಗಿದಂತೆ, ಕರುಳಿನ ತಿರುವುಗಳಲ್ಲಿ ಕೊಳವೆ ಬಾಗುವಾಗ ಕೆಲವು ಕ್ಷಣ ಜೋರಾಗಿ ಹಿಂಡಿದಂತೆ ಆಗುತ್ತದೆ. ಆ ಹೊತ್ತಿಗೆ ನರ್ಸ್ ನಿಮ್ಮ ಹೊಟ್ಟೆಯನ್ನು ಅಂಗೈಯಿಂದ ಒತ್ತಿ ಹಿಡಿಯುತ್ತಾರೆ, ಕೊಳವೆ ಸುರುಳಿ ಸುತ್ತದಿರಲಿ ಎಂದು. ಹೂಸು ಬರುವಂತಾದರೆ ತಡೆಯಬೇಡಿ. ಅದು ಅವರೇ ಊದಿದ ಗಾಳಿ, ಹೋದಷ್ಟೂ ನೋವು ಕಡಿಮೆ.

ಎಲ್ಲ ಸೇರಿ 20ರಿಂದ 45 ನಿಮಿಷ. ಒಳಗೆ ಹೋಗುವುದು ದಾರಿ ಮಾತ್ರ, ನೋಡುವುದು ವಾಪಸ್ ಬರುವಾಗ. ಹಾಗೆ ಹಿಂದೆಗೆಯುತ್ತ ನೋಡಲು ಕನಿಷ್ಠ 6ರಿಂದ 8 ನಿಮಿಷವಾದರೂ ಬೇಕೆಂಬುದು ವೈದ್ಯರು ಒಪ್ಪಿಕೊಂಡ ಅಳತೆ. ತುಣುಕು ತೆಗೆಯುವಾಗ ನೋವಾಗುವುದಿಲ್ಲ, ಕರುಳಿನ ಒಳಪದರಕ್ಕೆ ಕತ್ತರಿಸುವ ನೋವು ತಿಳಿಯುವುದಿಲ್ಲ.

ಹಂತ 9: ಮುಗಿದ ಮೇಲೆ

ಅರ್ಧ-ಒಂದು ಗಂಟೆ ಮಲಗಿಸುತ್ತಾರೆ. ವೈದ್ಯರು ಬಂದು ಹೇಳುವ ಮಾತು ಮಂಪರಿನಲ್ಲಿ ನಿಮಗೆ ನೆನಪುಳಿಯುವುದಿಲ್ಲ, ಜೊತೆಯವರನ್ನು ಪಕ್ಕದಲ್ಲಿ ನಿಲ್ಲಿಸಿಕೊಳ್ಳಿ. 24 ಗಂಟೆ ಸ್ಕೂಟರ್, ಕಾರು, ಟ್ರ್ಯಾಕ್ಟರ್ ಓಡಿಸಬಾರದು, ಆಸ್ತಿ-ಬ್ಯಾಂಕ್ ಪತ್ರಗಳಿಗೆ ಸಹಿ ಹಾಕಬಾರದು. ಇಡ್ಲಿ, ಮೆತ್ತನೆ ಅನ್ನ-ಮಜ್ಜಿಗೆಯಿಂದ ಶುರುಮಾಡಿ. ಎರಡು ಮೂರು ದಿನ ಮಲ ಬರದಿರುವುದು ಸಹಜ.

ಹೊಟ್ಟೆ ನೋವು ಹೂಸು ಹೋದಮೇಲೂ ಏರುತ್ತಿದ್ದರೆ, ಹೊಟ್ಟೆ ಗಟ್ಟಿಯಾದರೆ, ಜ್ವರ ಬಂದರೆ, ಎರಡು ಚಮಚಕ್ಕಿಂತ ಹೆಚ್ಚು ರಕ್ತ ಹೋದರೆ ರಾತ್ರಿಯಾದರೂ ತುರ್ತುಚಿಕಿತ್ಸೆಗೆ ಹೋಗಿ. ಕರುಳಿಗೆ ತೂತಾಗುವುದು ಬಹಳ ಅಪರೂಪ, ಆದರೆ ಆದಾಗ ಗಂಟೆಗಳೇ ಮುಖ್ಯ. ಗಂಟು ತೆಗೆದಿದ್ದರೆ ಎರಡು ವಾರದವರೆಗೂ ರಕ್ತ ಬರುವ ಸಾಧ್ಯತೆ ಇರುತ್ತದೆ. ಆ ದಿನಗಳಲ್ಲಿ ಆಸ್ಪತ್ರೆ ಇಲ್ಲದ ಕಡೆಗೆ ದೂರ ಪ್ರಯಾಣ ಇಟ್ಟುಕೊಳ್ಳಬೇಡಿ.

ಹಂತ 10: ವರದಿ ಓದುವುದು

ಮೊದಲು ಎರಡು ವಿಷಯ ಹುಡುಕಿ. ‘ಸೀಕಂ’ ತಲುಪಿದರೇ? ಅದು ದೊಡ್ಡ ಕರುಳಿನ ಆರಂಭದ ತುದಿ. ಅಲ್ಲಿಯವರೆಗೆ ಹೋಗದಿದ್ದರೆ ಪರೀಕ್ಷೆ ಪೂರ್ಣವಲ್ಲ. ಎರಡನೆಯದು ತಯಾರಿಯ ಅಂಕ. ಬಾಸ್ಟನ್ ಸ್ಕೋರ್ ಎಂದಿದ್ದರೆ ಕರುಳಿನ ಮೂರು ಭಾಗಕ್ಕೆ ತಲಾ 0ರಿಂದ 3, ಒಟ್ಟು 9ಕ್ಕೆ. ಪ್ರತಿ ಭಾಗಕ್ಕೂ ಕನಿಷ್ಠ 2 ಬಂದಿರಬೇಕು. ಕಡಿಮೆ ಇದ್ದು ‘ನಾರ್ಮಲ್’ ಎಂದಿದ್ದರೆ ಮತ್ತೆ ಯಾವಾಗ ನೋಡಬೇಕು ಎಂದು ಕೇಳಿ.

‘ಪಾಲಿಪ್’ ಎಂದರೆ ಒಳಪದರದ ಮೇಲೆ ಬೆಳೆದ ಗಂಟು. ಅದು ಕ್ಯಾನ್ಸರ್ ಎಂದಲ್ಲ, ಕೆಲವು ಬಗೆಯವು ವರ್ಷಗಟ್ಟಲೆ ಬಿಟ್ಟರೆ ಮುಂದೆ ಕ್ಯಾನ್ಸರ್ ಆಗಬಲ್ಲವು, ಅದಕ್ಕೇ ತೆಗೆಯುವುದು. ‘ಹೆಮರಾಯ್ಡ್ಸ್’ ಎಂದರೆ ಮೂಲವ್ಯಾಧಿ. ‘ಟರ್ಮಿನಲ್ ಐಲಿಯಂ’ ಸಣ್ಣ ಕರುಳಿನ ಕೊನೆಯ ತುದಿ. ಅಲ್ಲಿ ಹುಣ್ಣು ಕಂಡರೆ ನಮ್ಮ ದೇಶದಲ್ಲಿ ಎರಡು ಅನುಮಾನ ಮೊದಲು ಬರುತ್ತವೆ, ಕರುಳಿನ ಕ್ಷಯ ಮತ್ತು ಕ್ರೋನ್ಸ್ ಎಂಬ ಉರಿಯೂತದ ಕಾಯಿಲೆ. ನೋಡಲು ಎರಡೂ ಒಂದೇ ಥರ, ಚಿಕಿತ್ಸೆ ಮಾತ್ರ ಒಂದಕ್ಕೊಂದು ವಿರುದ್ಧ. ಕ್ರೋನ್ಸ್‌ಗೆ ಕೊಡುವ ರೋಗನಿರೋಧಕ ಶಕ್ತಿ ತಗ್ಗಿಸುವ ಔಷಧ ಕ್ಷಯವನ್ನು ಹಬ್ಬಿಸುತ್ತದೆ. ಹಾಗಾಗಿ ತುಣುಕಿನ ಪರೀಕ್ಷೆ, ಅಂದರೆ ಬಯಾಪ್ಸಿ, ಬರುವವರೆಗೆ ಕಾಯುವುದು ಅಗತ್ಯ. ಬಯಾಪ್ಸಿ ಎಂಬ ಪದ ಕೇಳಿದ ಕೂಡಲೇ ಕ್ಯಾನ್ಸರ್ ಎಂದು ಮನೆಯವರು ಅಳುವುದು ಬೇಡ.

ಬಯಾಪ್ಸಿ ಬಾಟಲಿಗಳನ್ನು ನಿಮ್ಮ ಕೈಗೇ ಕೊಟ್ಟು ಲ್ಯಾಬಿಗೆ ಕಳಿಸುವುದೂ ಉಂಟು. ಫಾರ್ಮಲಿನ್ ಇರುವ ಬಾಟಲಿ ಸೂಕ್ಷ್ಮದರ್ಶಕದಲ್ಲಿ ನೋಡಲು, ಸಲೈನ್ ನೀರಿನದು ಕ್ಷಯದ ಕ್ರಿಮಿ ಹುಡುಕಲು. ಫಾರ್ಮಲಿನ್ ಕ್ರಿಮಿಯನ್ನು ಕೊಲ್ಲುವುದರಿಂದ ಎರಡನ್ನೂ ಬೆರೆಸಬಾರದು, ಮುಚ್ಚಳ ತೆರೆಯಬಾರದು. ಎರಡರ ಮೇಲೂ ಹೆಸರು, ನಂಬರ್ ಇದೆಯೇ ನೋಡಿ, ಅದೇ ದಿನ ತಲುಪಿಸಿ ರಸೀದಿ ಇಟ್ಟುಕೊಳ್ಳಿ. ಸೂಕ್ಷ್ಮದರ್ಶಕದ ವರದಿ ಕೆಲವು ದಿನಗಳಲ್ಲಿ ಬರುತ್ತದೆ. ಕ್ಷಯದ ಕ್ರಿಮಿಯನ್ನು ಬೆಳೆಸಿ ನೋಡುವ ಕಲ್ಚರ್ ವರದಿಗೆ ವಾರಗಳೇ ಹಿಡಿಯಬಹುದು.

ವರದಿಯ ಹಿಂಬದಿಯಲ್ಲಿ ನೀವೇ ನಾಲ್ಕು ಸಾಲು ಬರೆದಿಡಿ: ಯಾವ ಔಷಧ, ಎಷ್ಟು ಲೀಟರ್, ಯಾವ ಹೊತ್ತಿಗೆ ಕುಡಿದಿರಿ, ಎಷ್ಟು ಸ್ವಚ್ಛವಾಗಿತ್ತು. ಮುಂದಿನ ಸಲ ವೈದ್ಯರು ಮೊದಲು ಕೇಳುವುದು ಅದನ್ನೇ.